ನಿಯಮಗಳಿಲ್ಲದ ಆಟದ ನಿಯಮಗಳು

ಆಟವೆಂದ ಮೇಲೆ ನಿಯಮಗಳಿರಬೇಕು. ಚೌಕಾಬಾರಕ್ಕೆ ಕುಳಿತ ಅಜ್ಜಿಯೂ ಎದುರಾಳಿಯ ಕಾಯಿ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲವೆಂದು ಪಟ್ಟು ಹಿಡಿಯುತ್ತಾಳೆ. ಆದರೆ ನಿಯಮಗಳೇ ಇಲ್ಲದೆ, ಅವು ಬೇಕಾದಷ್ಟು ಇವೆಯೆಂದು ಆಡುವವರೆಲ್ಲರೂ ಗಂಭೀರವಾಗಿ ನಟಿಸುವ ಆಟವೊಂದು ಇಂಗ್ಲೆಂಡಿನಲ್ಲಿದೆ. ಅದರ ಹೆಸರು 'ಮಾರ್ನಿಂಗ್ಟನ್ ಕ್ರೆಸೆಂಟ್'. ಈ ವಿಚಿತ್ರ ಆಟದ ಪರಿಚಯವನ್ನು ವಾಚಕರಿಗೆ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಆಟಕ್ಕೆ ಹಾಸು ಬೇಡ, ಕಾಯಿ ಬೇಡ, ಕವಡೆ ಬೇಡ. ಮೂರು ನಾಲ್ಕು ಜನ ಕುಳಿತು ಸರದಿಯಂತೆ ಲಂಡನ್ ನಗರದ ಒಂದೊಂದು ಬೀದಿಯ ಅಥವಾ ರೈಲು ನಿಲ್ದಾಣದ ಹೆಸರನ್ನು ಹೇಳುತ್ತಾರೆ. ಒಬ್ಬನು 'ಬೇಕರ್ ಸ್ಟ್ರೀಟ್' ಎನ್ನುತ್ತಾನೆ. ಇನ್ನೊಬ್ಬನು ಹುಬ್ಬು ಗಂಟಿಕ್ಕಿ, ಬಹಳ ಹೊತ್ತು ಆಲೋಚಿಸಿ, 'ವಾಟರ್ಲೂ' ಎನ್ನುತ್ತಾನೆ. ಮೂರನೆಯವನು 'ಆಹಾ, ಎಂಥ ಧೈರ್ಯ!' ಎಂದು ಮೆಚ್ಚಿ 'ಪಿಕಡಿಲಿ ಸರ್ಕಸ್' ಎನ್ನುತ್ತಾನೆ. ಮಂಗಳವಾರದಂದು ಈ ನಡೆ ಸಲ್ಲುವುದಿಲ್ಲವೆಂದು ಯಾರಾದರೂ ಆಕ್ಷೇಪವೆತ್ತಬಹುದು. ಹಳೆಯ ತೀರ್ಪೊಂದನ್ನು ಸ್ಥಳದಲ್ಲಿಯೇ ಹುಟ್ಟಿಸಿ ಉದಾಹರಿಸಬಹುದು. ಕೊನೆಗೆ ಯಾರು ಮೊದಲು 'ಮಾರ್ನಿಂಗ್ಟನ್ ಕ್ರೆಸೆಂಟ್' ಎನ್ನುತ್ತಾರೋ ಅವರೇ ಗೆದ್ದಂತೆ. ಹಾಗಾದರೆ ಮೊದಲನೆಯ ಸರದಿಯಲ್ಲಿಯೇ ಅದನ್ನು ಹೇಳಿ ಗೆಲ್ಲಬಾರದೇಕೆ? ಯಾವ ನಿಯಮವೂ ಅಡ್ಡಿಯಿಲ್ಲ. ಆದರೆ ಯಾರೂ ಹಾಗೆ ಮಾಡುವುದಿಲ್ಲ. ಆಟದ ಜೀವವಿರುವುದೇ ಇಲ್ಲಿ.

ಈ ಆಟಕ್ಕೆ ಪ್ರಸಿದ್ಧಿ ತಂದದ್ದು ಬಿ.ಬಿ.ಸಿ. ರೇಡಿಯೋ. 'ಐ ಆಮ್ ಸಾರಿ ಐ ಹ್ಯಾವನ್ಟ್ ಎ ಕ್ಲೂ' ಎಂಬ ಹಾಸ್ಯ ಕಾರ್ಯಕ್ರಮವು ೧೯೭೨ರಲ್ಲಿ ಆರಂಭವಾಯಿತು. ಅದರಲ್ಲಿ ಈ ಆಟವು ಮೊದಲು ಕೇಳಿಬಂದದ್ದು ೧೯೭೮ರಲ್ಲಿ. ಟಿಮ್ ಬ್ರೂಕ್-ಟೇಲರ್, ಗ್ರೇಮ್ ಗಾರ್ಡನ್, ಬ್ಯಾರಿ ಕ್ರಾಯರ್, ವಿಲ್ಲಿ ರಶ್ಟನ್ ಎಂಬ ನಾಲ್ವರು ಅದರ ಹೆಸರಾಂತ ಆಟಗಾರರು. ಜಾಸ್ ಸಂಗೀತದ ತುತ್ತೂರಿ ವಾದಕರಾದ ಹಂಫ್ರಿ ಲಿಟಲ್ಟನ್ ಅವರು ೨೦೦೮ರಲ್ಲಿ ತೀರಿಕೊಳ್ಳುವವರೆಗೂ ಅಧ್ಯಕ್ಷ ಪೀಠದಲ್ಲಿದ್ದರು. ಜೀವನದಲ್ಲಿ ಜುಗುಪ್ಸೆ ಹೊಂದಿದವರಂತೆ ಮುಖ ಮಾಡಿಕೊಂಡು, ಈ ದಿನ ಯಾವ ವಿಶೇಷ ನಿಯಮ ಜಾರಿಯಲ್ಲಿದೆಯೆಂದು ಅವರು ಘೋಷಿಸುತ್ತಿದ್ದರು. ಆಟಗಾರನೊಬ್ಬನು 'ನಿಡ್' ಎಂಬ ಸ್ಥಿತಿಗೆ ಸಿಕ್ಕಿಬಿದ್ದನೆಂದರೆ ಸಭಿಕರೆಲ್ಲ ಅಯ್ಯೋ ಎನ್ನುತ್ತಿದ್ದರು. 'ನಿಡ್' ಎಂದರೇನೆಂದು ಕೇಳಿದವರಿಲ್ಲ, ಕೇಳಿದ್ದರೂ ಹೇಳಬಲ್ಲವರಿರಲಿಲ್ಲ. ೨೦೦೦ದಲ್ಲಿ ಈ ಆಟದ ಬಗ್ಗೆ ಪುಸ್ತಕವೊಂದೂ ಹೊರಬಂದಿತು. ಅದನ್ನು ಓದಿದವರೂ ನಿಯಮ ಕಲಿಯಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ತಮಗಾಗದ ನಿರ್ಮಾಪಕನೊಬ್ಬನು ಕೋಣೆಯೊಳಕ್ಕೆ ಬರುತ್ತಿರುವ ಸದ್ದು ಕೇಳಿ, ಅವನಿಗೆ ಎಂದೂ ಅರ್ಥವಾಗದ ಆಟವೊಂದನ್ನು ಆ ಕ್ಷಣವೇ ಕಟ್ಟಿದೆವೆಂದು ಈ ಆಟಗಾರರು ಹೇಳಿಕೊಳ್ಳುತ್ತಿದ್ದರು. ಆದರೆ ಇದಕ್ಕೂ ಮುಂಚೆ, ೧೯೬೯ರಲ್ಲಿಯೇ, ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾನಿಲಯದ 'ಮ್ಯಾನಿಫೋಲ್ಡ್' ಎಂಬ ಗಣಿತ ಪತ್ರಿಕೆಯಲ್ಲಿ ಅನಟೋಲ್ ಬೆಕ್ ಮತ್ತು ಡೇವಿಡ್ ಫೌಲರ್ ಎಂಬ ಗಣಿತಜ್ಞರು 'ಫಿಂಚ್ಲಿ ಸೆಂಟ್ರಲ್' ಎಂಬ ಇಂಥದೇ ಆಟವನ್ನು ವರ್ಣಿಸಿದ್ದರು. ಇಬ್ಬರು ಸರದಿಯಂತೆ ನಿಲ್ದಾಣಗಳನ್ನು ಹೆಸರಿಸಬೇಕು. ಮೊದಲು 'ಫಿಂಚ್ಲಿ ಸೆಂಟ್ರಲ್' ಎಂದವನು ಗೆದ್ದ. ಇದರಲ್ಲಿ ಆ ಹೆಸರನ್ನು ಹೇಳಲು ಅತ್ಯುತ್ತಮ ಸಮಯ ಯಾವುದು? ಎದುರಾಳಿ ಹೇಳುವುದಕ್ಕೆ ಸ್ವಲ್ಪ ಮುಂಚೆ! ತರ್ಕಕ್ಕೆ ಇದರಲ್ಲಿ ಕುಂದಿಲ್ಲ. ಆದರೆ ಆಡಲು ಕುಳಿತವನಿಗೆ ಇದರಿಂದ ಕಾಸಿನಷ್ಟೂ ಸಹಾಯವಿಲ್ಲ.

ಸ್ವಲ್ಪ ಯೋಚಿಸಿದರೆ, ನಿಯಮವಿಲ್ಲದ ಈ ಆಟದಲ್ಲಿಯೂ ಬರೆಯದ ನಿಯಮಗಳು ಮೂರಿವೆಯೆಂದು ತೋರುತ್ತದೆ. ಗೆಲ್ಲುವ ಆತುರಕ್ಕಿಂತ ಆಡುವ ಸಂತೋಷ ದೊಡ್ಡದೆಂದು ತಿಳಿದು ಕೊನೆಯ ಮಾತನ್ನು ತಡೆಹಿಡಿಯುವುದು ಮೊದಲನೆಯದು. ಇನ್ನೊಬ್ಬನ ನಡೆ ಎಷ್ಟೇ ಅರ್ಥಹೀನವಾಗಿದ್ದರೂ ಅದನ್ನು ಗೌರವದಿಂದ ಕಾಣುವುದು ಎರಡನೆಯದು. ಇದು ನಟನೆಯೆಂಬುದು ಕುಳಿತವರೆಲ್ಲರಿಗೂ ಸಮಾನವಾಗಿ ತಿಳಿದಿರುವುದು ಮೂರನೆಯದು. ಈ ಮೂರನೆಯದು ತಪ್ಪಿದರೆ ಆಟ ಆಟವಾಗಿ ಉಳಿಯುವುದಿಲ್ಲ. ಗುಟ್ಟು ಗೊತ್ತಿದ್ದವರು ಗೊತ್ತಿಲ್ಲದವನೊಬ್ಬನನ್ನು ನಡುವೆ ಕೂರಿಸಿಕೊಂಡು ಆಡಿದರೆ ಅದು ವಿನೋದವಲ್ಲ, ಹಿಂಸೆ.

ಮಾರ್ನಿಂಗ್ಟನ್ ಕ್ರೆಸೆಂಟ್ ಎಂಬುದು ನಿಜವಾದ ನಿಲ್ದಾಣವೇ. ಲಂಡನ್ನಿನ ನೆಲದಡಿಯ ರೈಲು ಮಾರ್ಗದಲ್ಲಿ ಯೂಸ್ಟನ್ ಮತ್ತು ಕ್ಯಾಮ್ಡನ್ ಟೌನ್ ನಿಲ್ದಾಣಗಳ ನಡುವೆ ೧೯೦೭ರಲ್ಲಿ ಅದು ತೆರೆಯಿತು. ೧೯೯೨ರಲ್ಲಿ ಹಳೆಯ ಲಿಫ್ಟುಗಳನ್ನು ಬದಲಾಯಿಸಲೆಂದು ಮುಚ್ಚಿದ ಬಾಗಿಲನ್ನು ೧೯೯೮ರವರೆಗೂ ತೆರೆಯಲಿಲ್ಲ. ಮತ್ತೆ ತೆರೆದಾಗ ಅದರ ಉದ್ಘಾಟನೆಗೆ ಕರೆದದ್ದು ಈ ರೇಡಿಯೋ ಕಾರ್ಯಕ್ರಮದ ಬಳಗವನ್ನೇ! ೧೯೯೬ರಲ್ಲಿ ಅಗಲಿದ ವಿಲ್ಲಿ ರಶ್ಟನ್ ಅವರ ಸ್ಮಾರಕ ಫಲಕವೂ ಅಲ್ಲಿದೆ.

ಚರಿತ್ರೆಯ ವಿದ್ಯಾರ್ಥಿನಿಯಾದ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಹೆಸರು. ನಿಲ್ದಾಣಕ್ಕೆ ಹೆಸರು ಬಂದದ್ದು ಪಕ್ಕದ ಬೀದಿಯಿಂದ. ಬೀದಿಗೆ ಬಂದದ್ದು ಮಾರ್ನಿಂಗ್ಟನ್ನಿನ ಅರ್ಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿಯಿಂದ. ನಮ್ಮ ಪಠ್ಯಪುಸ್ತಕಗಳ ಲಾರ್ಡ್ ವೆಲ್ಲೆಸ್ಲಿ ಈತನೇ. ೧೭೯೮ರಿಂದ ೧೮೦೫ರವರೆಗೆ ಗವರ್ನರ್ ಜನರಲ್ ಆಗಿದ್ದನು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದದ್ದು ಇವನ ಕಾಲದಲ್ಲಿಯೇ.

ವೆಲ್ಲೆಸ್ಲಿಯೂ ಒಂದು ಆಟ ಆಡಿಸಿದನು. 'ಸಹಾಯಕ ಸೈನ್ಯ ಪದ್ಧತಿ' ಎಂದು ನಾವು ಪರೀಕ್ಷೆಗೆ ಬರೆಯುವುದು ಅದನ್ನೇ. ರಾಜನು ಕಂಪನಿಯ ಸೈನ್ಯದ ವೆಚ್ಚ ಹೊರಬೇಕು; ಕಂಪನಿಯ ಒಪ್ಪಿಗೆಯಿಲ್ಲದೆ ಬೇರೆ ರಾಜ್ಯಗಳೊಡನೆ ವ್ಯವಹರಿಸಕೂಡದು. ೧೭೯೯ರಲ್ಲಿ ಮೈಸೂರಿನೊಡನೆ ಆದ ಒಪ್ಪಂದದಲ್ಲಿ, ಅಗತ್ಯ ಕಂಡರೆ ಆಡಳಿತವನ್ನು ತಾನೇ ವಹಿಸಿಕೊಳ್ಳುವ ಹಕ್ಕನ್ನೂ ಕಂಪನಿ ಇಟ್ಟುಕೊಂಡಿತು. ಅಗತ್ಯ ಕಂಡಿತೇ ಇಲ್ಲವೇ ಎಂದು ತೀರ್ಮಾನಿಸುವವರು ಯಾರು? ಕಂಪನಿಯವರೇ. ೧೮೩೧ರಲ್ಲಿ ಅವರು ಆ ಕೊನೆಯ ಮಾತನ್ನು ಆಡಿದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಹೋಯಿತು. ಅದು ಅರಸು ಮನೆತನಕ್ಕೆ ಹಿಂದಿರುಗಿದ್ದು ೧೮೮೧ರಲ್ಲಿ. ಇಲ್ಲಿಯೂ ಮೊದಲು ಹೇಳಿದವನದೇ ಗೆಲುವು. ಆದರೆ ಹೇಳುವ ಸರದಿ ಒಬ್ಬನಿಗೆ ಮಾತ್ರ.

ಆಶ್ಚರ್ಯವೆಂದರೆ ಈ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ಮಹಾಪ್ರೇಮಿ. ಚದುರಂಗದ ಕುದುರೆ ಎಲ್ಲ ಮನೆಗಳನ್ನೂ ಒಂದೊಂದೇ ಸಲ ಸುತ್ತಿ ಬರುವ ಬಂಧಗಳನ್ನು ಅವರು ರಚಿಸಿದರು. ಗಂಜೀಫಾ ಎಲೆಗಳಲ್ಲಿ ಹೊಸ ಬಗೆಗಳನ್ನು ಕಲ್ಪಿಸಿದರು. 'ಶ್ರೀತತ್ತ್ವನಿಧಿ' ಗ್ರಂಥದಲ್ಲಿ ಆಟಗಳಿಗಾಗಿಯೇ 'ಕೌತುಕನಿಧಿ' ಎಂಬ ಭಾಗವಿದೆ. ಎಷ್ಟೇ ತೊಡಕಾದ ಆಟವಾಗಲಿ, ಅದರ ಕ್ರಮವನ್ನು ಬರೆದಿಟ್ಟರೆ ಬಯಸಿದವನು ಕಲಿಯಬಹುದು.

ಈ ಮಾತು ನಮ್ಮ ಕಾಲೇಜಿಗೂ ಅನ್ವಯಿಸುತ್ತದೆ. ಮನೆಯಲ್ಲಿ ಹಿಂದೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತದ ಹುಡುಗ ಹುಡುಗಿಯರು ಪ್ರತಿವರ್ಷವೂ ಇಲ್ಲಿಗೆ ಬರುತ್ತಾರೆ. ಅವರಲ್ಲಿ ನಾನೂ ಒಬ್ಬಳು. 'ಕ್ರೆಡಿಟ್', 'ಇಂಟರ್ನಲ್', 'ರೀವ್ಯಾಲ್ಯುಯೇಷನ್', 'ಸ್ಟಡಿ ಸರ್ಟಿಫಿಕೇಟ್' ಎಂಬ ಮಾತುಗಳು ಮೊದಲ ತಿಂಗಳಲ್ಲಿ ಕಿವಿಗೆ ಬೀಳುವುದು 'ನಿಡ್' ಎಂಬಂತೆಯೇ. ಸುತ್ತಲಿದ್ದವರೆಲ್ಲ ತಲೆಯಾಡಿಸುತ್ತಿರುತ್ತಾರೆ; ನಮಗೊಬ್ಬರಿಗೇ ತಿಳಿಯದೆಂದು ನಾವೂ ತಲೆಯಾಡಿಸುತ್ತೇವೆ. ನಿಜವೇನೆಂದರೆ, ತಲೆಯಾಡಿಸುವವರಲ್ಲಿ ಅರ್ಧ ಜನಕ್ಕೂ ತಿಳಿದಿರುವುದಿಲ್ಲ. ರೇಡಿಯೋದಲ್ಲಿ ಇಂಥ ನಟನೆಯಿಂದ ನಗೆ ಹುಟ್ಟುತ್ತದೆ. ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನ ಯಾರಿಗೂ ಕಾಣದೆ ದಾಟಿಹೋದರೆ ಒಂದು ಮನೆಯ ಲೆಕ್ಕವೇ ಏರುಪೇರಾಗುತ್ತದೆ. ಆದ್ದರಿಂದ ಹೊಸದಾಗಿ ಬಂದ ತಮ್ಮಂದಿರಿಗೂ ತಂಗಿಯರಿಗೂ ನಾನು ಹೇಳುವುದಿಷ್ಟೇ: ತಿಳಿಯದಿದ್ದರೆ ಕೇಳಿ. ಕೇಳುವವರೊಬ್ಬರು ಎದ್ದು ನಿಂತರೆ, ತಲೆಯಾಡಿಸುತ್ತಿದ್ದ ಹತ್ತು ಜನ ಒಳಗೊಳಗೇ ಉಪಕಾರ ಸ್ಮರಿಸುತ್ತಾರೆ.

ಬಿಡುವಿನ ವೇಳೆಯಲ್ಲಿ ಈ ಆಟವನ್ನು ಕನ್ನಡದಲ್ಲಿಯೇ ಆಡಿ ನೋಡಬಹುದು. ಬೆಂಗಳೂರಿನಿಂದ ಹುಬ್ಬಳ್ಳಿಯವರೆಗಿನ ರೈಲು ನಿಲ್ದಾಣಗಳನ್ನು ತೆಗೆದುಕೊಳ್ಳಿ. ತುಮಕೂರು, ತಿಪಟೂರು, ಅರಸೀಕೆರೆ, ಹಾವೇರಿ ಹೇಗಾದರೂ ಹಿಂದೆ ಮುಂದೆ ಸುತ್ತಿ. ಮೊದಲು 'ಬೀರೂರು' ಎಂದವರು ಗೆದ್ದರು. ಅರಸೀಕೆರೆಯಿಂದ ಹಾವೇರಿಗೆ ಹಾರಿದವರನ್ನು ಆಕ್ಷೇಪಿಸಿ, ಕಾನೂನು ತೋರಿಸಿ, ಮುಖದಲ್ಲಿ ಮಾತ್ರ ನಗು ಕಾಣಿಸಬೇಡಿ. ಆಟದ ನಡುವೆ ಹೊಸಬರೊಬ್ಬರು ಬಂದು ಪಕ್ಕದಲ್ಲಿ ಕುಳಿತರೆ, ಅವರ ಕಿವಿಯಲ್ಲಿ ಗುಟ್ಟನ್ನು ಹೇಳಿ ಮುಂದಿನ ಸರದಿಯನ್ನು ಅವರಿಗೇ ಕೊಡಿ.