ಕಪ್ಪುಡುಗೆಯ ತಾರೆ ಮ್ಯುಸಿದೋರಾ

ಮೂಕಚಿತ್ರಗಳ ಕಾಲದ ತಾರೆಯರನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅವರ ಚೆಲುವನ್ನು ಹೊಗಳಿ, ಮಾತಿನ ಚಿತ್ರ ಬಂದೊಡನೆ ಅವರ ಬಾಳು ಕತ್ತಲಾಯಿತೆಂದು ಮರುಗಿ, ಲೇಖನಿಯನ್ನು ಕೆಳಗಿಡುತ್ತಾರೆ. ಫ್ರಾನ್ಸಿನ ಮ್ಯುಸಿದೋರಾಳ ಕಥೆ ಈ ಅಚ್ಚಿಗೆ ಹೊಂದುವುದಿಲ್ಲ.

1889ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಆಕೆಯ ನಿಜನಾಮ ಜಾನ್ ರೋಕ್. ಮ್ಯುಸಿದೋರಾ ಎಂಬುದು ಥಿಯೊಫೀಲ್ ಗೊತಿಯೆಯ ಕಾದಂಬರಿಯೊಂದರಿಂದ ಎತ್ತಿಕೊಂಡ ಹೆಸರು. ರಂಗದ ಮೇಲೆ ಹಾಡಿ ನಟಿಸುತ್ತಿದ್ದ ಆಕೆಯನ್ನು ಗೋಮೋಂ ಸಂಸ್ಥೆಯ ನಿರ್ದೇಶಕ ಲೂಯಿ ಫೊಯಾದ್ ತನ್ನ ಚಿತ್ರಗಳಿಗೆ ಕರೆತಂದನು.

1915ರ ನವೆಂಬರಿನಿಂದ ಹತ್ತು ಕಂತುಗಳಲ್ಲಿ ತೆರೆಕಂಡ ‘ಲೆ ವಾಂಪೀರ್’ ಆಕೆಗೆ ಅಳಿಯದ ಕೀರ್ತಿ ತಂದಿತು. ‘ರಕ್ತಪಿಶಾಚಿಗಳು’ ಎಂದು ಹೆಸರಿಗೆ ಅರ್ಥವಿದ್ದರೂ ಚಿತ್ರದಲ್ಲಿ ಪಿಶಾಚಿ ಒಂದೂ ಇಲ್ಲ. ಅದು ಪ್ಯಾರಿಸ್ಸನ್ನು ನಡುಗಿಸುವ ಪಾತಕಿಗಳ ಕೂಟದ ಹೆಸರು. ಮ್ಯುಸಿದೋರಾಳ ಪಾತ್ರ ಇರ್ಮಾ ವೆಪ್. ಗೋಡೆಯ ಜಾಹೀರಾತಿನಲ್ಲಿ ಆ ಹೆಸರಿನ ಅಕ್ಷರಗಳು ತಾವಾಗಿ ಸ್ಥಳ ಬದಲಿಸಿ ‘ವಾಂಪೀರ್’ ಎಂದಾಗುತ್ತವೆ. (ನಮ್ಮ ಲಿಪಿಯಲ್ಲಿ ಈ ಚಮತ್ಕಾರ ನಡೆಯದು.) ಸುಮಾರು ಏಳು ಗಂಟೆಯ ಈ ಚಿತ್ರವನ್ನು ನಾನು ಮೂರು ರಾತ್ರಿಗಳಲ್ಲಿ ನೋಡಿ ಮುಗಿಸಿದೆ. ಕಥೆಯ ಎಳೆಗಳು ಎಷ್ಟೋ ಕಡೆ ಸಡಿಲ; ನಾಯಕನಂತೂ ನೀರಸ. ಆದರೆ ಮೈಗೆ ಅಂಟಿದ ಕಪ್ಪುಡುಗೆಯಲ್ಲಿ, ಕಣ್ಣುಗಳನ್ನಷ್ಟೇ ಹೊರಗಿಟ್ಟು, ಮಹಾಯುದ್ಧದ ಕಾಲದ ಬರಿದಾದ ಬೀದಿಗಳ ಮೇಲಿನ ಮಾಡುಗಳಲ್ಲಿ ಆಕೆ ಸುಳಿದಾಗ ಕಥೆಯ ಗೊಡವೆಯೇ ಬೇಡವೆನಿಸುತ್ತದೆ. ಮನೆಗೆಲಸದವಳಾಗಿ, ಬ್ಯಾಂಕಿನ ಗುಮಾಸ್ತೆಯಾಗಿ, ಸಿರಿವಂತ ತರುಣನಾಗಿ ಆಕೆ ವೇಷ ಬದಲಿಸುವಳು. ಅತಿಯಾದ ಹಾವಭಾವ ಮೂಕಚಿತ್ರದ ಸಹಜ ದೋಷವೆಂದು ನಂಬಿದವರು ಆಕೆಯ ಮಿತವಾದ ನಟನೆಯನ್ನೊಮ್ಮೆ ನೋಡಬೇಕು. ಪಾತಕಕ್ಕೆ ಮೆರುಗು ಕೊಡುವುದೆಂದು ಪೊಲೀಸರು ಕೆಲವು ಕಾಲ ಪ್ರದರ್ಶನವನ್ನು ತಡೆದದ್ದು ಅಚ್ಚರಿಯಲ್ಲ. 1917ರ ‘ಜೂದೆಕ್ಸ್’ನಲ್ಲಿಯೂ ಆಕೆಗೆ ದೊರೆತದ್ದು ಖಳಸ್ತ್ರೀಯ ಪಾತ್ರವೇ. ಮುಂದೆ 1928ರಲ್ಲಿ ಕವಿಗಳಾದ ಬ್ರೆತೋಂ ಮತ್ತು ಅರಾಗೋಂ ಆಕೆಯ ಗೌರವಾರ್ಥವಾಗಿ ನಾಟಕವೊಂದನ್ನು ಬರೆದರು.

ಪರರು ಹೊಲಿದ ಉಡುಪಿನಲ್ಲಿಯೇ ಬಾಳು ಕಳೆಯಲು ಆಕೆಗೆ ಮನಸ್ಸಿರಲಿಲ್ಲ. ಗೆಳತಿ ಕೊಲೆತ್‌ಳ ಕಥೆಯನ್ನಾಧರಿಸಿ ‘ಗುಪ್ತಜ್ವಾಲೆ’ ಎಂಬ ಚಿತ್ರ ಮಾಡಿದಳು. ಅದು ಇಂದು ಉಳಿದಿಲ್ಲ. ಸ್ವಂತ ಸಂಸ್ಥೆ ಕಟ್ಟಿ, ಸ್ಪೇನಿಗೆ ಹೋಗಿ, ಜಾಕ್ ಲಾಸೇನನೊಡನೆ ‘ಡಾನ್ ಕಾರ್ಲೋಸನಿಗಾಗಿ’ (1921), ‘ಬಿಸಿಲು–ನೆರಳು’ (1922) ಚಿತ್ರಗಳನ್ನು ನಿರ್ದೇಶಿಸಿದಳು. ಎರಡನೆಯದರಲ್ಲಿ ಆಕೆಯದೇ ದ್ವಿಪಾತ್ರ. ಹೆಣ್ಣೊಬ್ಬಳು ಕ್ಯಾಮೆರಾದ ಹಿಂದೆ ನಿಲ್ಲುವುದೇ ಅಪರೂಪವಾಗಿದ್ದ ಕಾಲವದು. 1920ರ ದಶಕ ಮುಗಿಯುವ ಮೊದಲೇ, ಮಾತಿನ ಚಿತ್ರ ಫ್ರಾನ್ಸಿಗೆ ಕಾಲಿಡುವ ಮುನ್ನವೇ, ಆಕೆ ತೆರೆಯಿಂದ ಸರಿದಿದ್ದಳು. ಮಾತು ಆಕೆಯನ್ನು ಓಡಿಸಲಿಲ್ಲ.

1940ರ ದಶಕದಲ್ಲಿ ಆಕೆ ಆನ್ರಿ ಲಾಂಗ್ಲ್ವಾನ ಸಿನೆಮಾತೆಕ್ ಫ್ರಾಂಸೇಜ್ ಸೇರಿದಳು. ಹಳೆಯ ನಟರನ್ನೂ ತಂತ್ರಜ್ಞರನ್ನೂ ಹುಡುಕಿ, ಅವರ ನೆನಪುಗಳನ್ನು ಬರೆಯಿಸಿ ಕಾಪಿಡುವ ಕೆಲಸ ಆಕೆಯದಾಯಿತು. ನನಗಂತೂ ಇರ್ಮಾ ವೆಪ್‌ಳಷ್ಟೇ ಈ ಮ್ಯುಸಿದೋರಾ ದೊಡ್ಡವಳಾಗಿ ಕಾಣುತ್ತಾಳೆ. 1957ರಲ್ಲಿ ತೀರಿಕೊಳ್ಳುವವರೆಗೂ ಆ ಸಂಸ್ಥೆಯ ನಂಟು ಬಿಡಲಿಲ್ಲ. ಒಮ್ಮೊಮ್ಮೆ ಟಿಕೆಟ್ಟಿನ ಕಿಟಕಿಯಲ್ಲಿಯೂ ಕೂರುತ್ತಿದ್ದಳಂತೆ. ಟಿಕೆಟ್ ಕೊಂಡು ಒಳಹೋದವರಲ್ಲಿ ಹೆಚ್ಚಿನವರಿಗೆ ಆ ಮುದುಕಿಯ ಗುರುತು ಹತ್ತುತ್ತಿರಲಿಲ್ಲವಂತೆ.