ಮೂವರ ಸಂವಾದಕ್ಕೆ ಕಿವಿಗೊಡೋಣ

ಬರುವ ಶನಿವಾರ ಸಂಜೆ 6 ಗಂಟೆಗೆ ನಮ್ಮೂರ ಕಾಲೇಜಿನ ಸಭಾಂಗಣದಲ್ಲಿ ಪಿಯಾನೊ, ಪಿಟೀಲು ಮತ್ತು ಚೆಲ್ಲೊ ವಾದ್ಯಗಳ ಕಛೇರಿಯೊಂದು ನಡೆಯಲಿದೆ. ಮೂವರು ಕಲಾವಿದರು ಅಂದು ನುಡಿಸಲಿರುವ ಪ್ರಧಾನ ಕೃತಿ, ಬೀಥೋವನ್ 1811ರಲ್ಲಿ ರಚಿಸಿದ ‘ಆರ್ಚ್‌ಡ್ಯೂಕ್’ ಎಂಬ ಹೆಸರಿನ ಪಿಯಾನೊ ಟ್ರಿಯೊ. ಪ್ರವೇಶ ಎಲ್ಲರಿಗೂ ಮುಕ್ತವಾಗಿದೆ. ಕಳೆದ ಭಾನುವಾರ ಪೂಜೆಯ ಬಳಿಕ ಈ ವಿಷಯವನ್ನು ಕೆಲವು ಕುಟುಂಬಗಳಿಗೆ ತಿಳಿಸಿದಾಗ, “ಅದು ಬಲ್ಲವರ ಸಂಗೀತ ಫಾದರ್, ನಮಗೆಲ್ಲಿ ಅರ್ಥವಾಗಬೇಕು?” ಎಂಬ ಉತ್ತರವೇ ಹೆಚ್ಚಾಗಿ ಬಂದಿತು. ಮಕ್ಕಳಿಗೆ ಸಂಗೀತಪಾಠ ಕೊಡಿಸುತ್ತಿರುವ ತಂದೆತಾಯಿಯರೂ ಹೀಗೆಯೇ ನುಡಿದುದು ಈ ಲೇಖನಕ್ಕೆ ಪ್ರೇರಣೆ.

ಇಂಥ ಸಂಗೀತಕ್ಕೆ ಚೇಂಬರ್ ಮ್ಯೂಸಿಕ್ ಎಂದು ಹೆಸರು. ದೊಡ್ಡ ರಂಗಮಂದಿರಕ್ಕಲ್ಲದೆ ಮನೆಯ ಒಂದು ಕೋಣೆಗಾಗಿ, ಕೆಲವೇ ಮಂದಿ ನುಡಿಸುವುದಕ್ಕಾಗಿ ಹುಟ್ಟಿದ ಸಂಗೀತವಿದು. ಕೈಬೀಸಿ ನಡೆಸುವ ನಿರ್ದೇಶಕನಿಲ್ಲ. ನಮ್ಮ ಕರ್ನಾಟಕ ಸಂಗೀತದ ಕಛೇರಿಯಲ್ಲಿ ಗಾಯಕರು ಮುಂದಾಳು, ಪಿಟೀಲು ಪಕ್ಕವಾದ್ಯ. ಟ್ರಿಯೊದಲ್ಲಾದರೋ ಮುಂದಾಳೂ ಇಲ್ಲ, ಪಕ್ಕವಾದ್ಯವೂ ಇಲ್ಲ. ಈ ಸಮಾನತೆ ಆರಂಭದಿಂದಲೇ ಇದ್ದುದಲ್ಲ. ಹೈಡನ್ ರಚಿಸಿದ ಟ್ರಿಯೊಗಳಲ್ಲಿ ಚೆಲ್ಲೊ ಬಹುಮಟ್ಟಿಗೆ ಪಿಯಾನೊದ ಎಡಗೈ ಸ್ವರಗಳನ್ನೇ ಅನುಸರಿಸುತ್ತಿತ್ತು. ಬೀಥೋವನ್ 1795ರಲ್ಲಿ ಹೊರತಂದ ಮೂರು ಟ್ರಿಯೊಗಳಲ್ಲಿ ಅದಕ್ಕೆ ಸ್ವಂತ ದನಿ ಬರತೊಡಗಿತು. ಆರ್ಚ್‌ಡ್ಯೂಕ್ ಟ್ರಿಯೊದ ವೇಳೆಗೆ ಚೆಲ್ಲೊ ಮಿಕ್ಕೆರಡು ವಾದ್ಯಗಳ ಸರಿಸಮನಾಗಿ ಮಾತನಾಡತೊಡಗಿತ್ತು.

ಆದರೆ ಸಮಾನ ಸ್ಥಾನ ದೊರೆತ ಮಾತ್ರಕ್ಕೆ ಸಮಾನ ಶಕ್ತಿ ದೊರೆಯುವುದಿಲ್ಲ. ಇಂದಿನ ಪಿಯಾನೊದಲ್ಲಿ 88 ಮನೆಗಳೂ ಇನ್ನೂರಕ್ಕೂ ಮಿಕ್ಕ ತಂತಿಗಳೂ ಇವೆ. ಪಿಟೀಲಿಗೂ ಚೆಲ್ಲೊಗೂ ನಾಲ್ಕು ನಾಲ್ಕೇ ತಂತಿ. ಪಿಯಾನೊ ವಾದಕ ಮನಸ್ಸು ಮಾಡಿದರೆ ಉಳಿದಿಬ್ಬರನ್ನೂ ಕ್ಷಣಾರ್ಧದಲ್ಲಿ ಮುಳುಗಿಸಿಬಿಡಬಲ್ಲ. ಹಾಗೆ ಮಾಡದೆ, ಚೆಲ್ಲೊ ಮೆಲುದನಿಯಲ್ಲಿ ನುಡಿಯುವಾಗ ತನ್ನ ಬೆರಳುಗಳನ್ನು ಬಿಗಿಹಿಡಿದು ಅದಕ್ಕೆ ಎಡೆಮಾಡಿಕೊಡುವುದರಲ್ಲಿಯೇ ಆತನ ಹಿರಿಮೆ ಇದೆ. ಬಲವಿದ್ದವನು ಮೊದಲು ಕಿವಿಗೊಡಬೇಕೆಂಬುದು ಟ್ರಿಯೊದ ಅಲಿಖಿತ ನಿಯಮ.

ಈ ಕೃತಿಗೆ ಆ ಹೆಸರು ಬಂದ ಬಗೆ ನಮಗೆ ವಿಶೇಷ ಆಸಕ್ತಿಯ ವಿಷಯ. ಆರ್ಚ್‌ಡ್ಯೂಕ್ ಎಂಬುದು ಆಸ್ಟ್ರಿಯದ ರಾಜಕುಮಾರರ ಬಿರುದು. ಚಕ್ರವರ್ತಿಯ ಕಿರಿಯ ಸಹೋದರ ರುಡಾಲ್ಫ್, ಬೀಥೋವನ್ ಅವರಿಗಿಂತ 17 ವರ್ಷ ಕಿರಿಯರು, ಅವರ ಬಳಿ ಪಿಯಾನೊ ಹಾಗೂ ಸಂಗೀತ ರಚನೆಯನ್ನು ಕಲಿತವರು. 1809ರಲ್ಲಿ ಗುರುವಿನ ಜೀವನೋಪಾಯಕ್ಕೆಂದು ವರ್ಷಾಶನ ಗೊತ್ತುಮಾಡಿದ ಮೂವರಲ್ಲಿ ರುಡಾಲ್ಫ್ ಒಬ್ಬರು. ಮುಂದೆ 1819ರಲ್ಲಿ ಅವರು ಓಲೊಮೋಟ್ಸ್‌ನ ಮಹಾಧರ್ಮಾಧ್ಯಕ್ಷರೂ ಕಾರ್ಡಿನಲರೂ ಆದರು. ಅವರ ಪೀಠಾರೋಹಣಕ್ಕೆಂದು ಬೀಥೋವನ್ ಬರೆಯಲಾರಂಭಿಸಿದ ಬಲಿಪೂಜೆಯ ಸಂಗೀತವೇ ‘ಮಿಸ್ಸ ಸೊಲೆಮ್ನಿಸ್’. ಪೀಠಾರೋಹಣ 1820ರಲ್ಲಿ ನಡೆದುಹೋಯಿತು. ಕೃತಿ ಮುಗಿದು ಶಿಷ್ಯನ ಕೈಸೇರಿದ್ದು 1823ರಲ್ಲಿ. ಬೀಥೋವನ್ ಅತಿ ಹೆಚ್ಚು ಕೃತಿಗಳನ್ನು ಅರ್ಪಿಸಿದ್ದು ಈ ಶಿಷ್ಯನಿಗೇ. ಶನಿವಾರದ ಟ್ರಿಯೊ ಅವುಗಳಲ್ಲೊಂದು.

ಈ ಕೃತಿಯ ಮೊದಲ ಸಾರ್ವಜನಿಕ ವಾದನ 1814ರ ಏಪ್ರಿಲ್ 11ರಂದು ವಿಯೆನ್ನಾದ ಹೋಟೆಲೊಂದರ ಸಭಾಂಗಣದಲ್ಲಿ ಜರುಗಿತು. ಪಿಟೀಲಿಗೆ ಶುಪ್ಪಾನ್‌ಜಿಗ್, ಚೆಲ್ಲೊಗೆ ಲಿಂಕೆ, ಪಿಯಾನೊಗೆ ಸ್ವತಃ ಬೀಥೋವನ್. ಆಗ ಅವರ ಕಿವಿ ಬಹುಮಟ್ಟಿಗೆ ಕೆಟ್ಟುಹೋಗಿತ್ತು. ಆ ವರ್ಷಗಳಲ್ಲಿ ವಿಯೆನ್ನಾದಲ್ಲಿದ್ದ ಪಿಟೀಲು ವಾದಕ ಸ್ಪೋರ್, ಬೀಥೋವನ್ ಮನೆಯಲ್ಲಿ ತಾವು ಕೇಳಿದ ಒಂದು ಟ್ರಿಯೊ ಅಭ್ಯಾಸವನ್ನು ಆತ್ಮಕಥೆಯಲ್ಲಿ ವರ್ಣಿಸಿದ್ದಾರೆ. ಪಿಯಾನೊ ಶ್ರುತಿ ತಪ್ಪಿತ್ತು. ಬಿರುಸಿನ ಭಾಗಗಳಲ್ಲಿ ತಂತಿಗಳು ಕಿರುಗುಟ್ಟುವಷ್ಟು ಬಲವಾಗಿ ಬಡಿಯುತ್ತಿದ್ದ ಬೀಥೋವನ್, ಮೃದುವಾದ ಭಾಗಗಳಲ್ಲಿ ಎಷ್ಟು ಮೆಲ್ಲಗೆ ಮುಟ್ಟುತ್ತಿದ್ದರೆಂದರೆ ಸ್ವರಗಳೇ ಹೊರಡುತ್ತಿರಲಿಲ್ಲ. ಏಪ್ರಿಲ್ ಕಛೇರಿಯ ಕೆಲವೇ ವಾರಗಳ ತರುವಾಯ ಅವರು ಈ ಕೃತಿಯನ್ನು ಮತ್ತೊಮ್ಮೆ ನುಡಿಸಿದರು. ಪಿಯಾನೊ ವಾದಕರಾಗಿ ಅವರ ಸಾರ್ವಜನಿಕ ಜೀವನ ಬಹುಮಟ್ಟಿಗೆ ಅಲ್ಲಿಗೇ ಮುಗಿಯಿತು.

ಮೂವರೂ ಒಬ್ಬರನ್ನೊಬ್ಬರು ಕೇಳಿಸಿಕೊಂಡಲ್ಲದೆ ನುಡಿಸಲಾಗದ ಕೃತಿಯನ್ನು ರಚಿಸಿದವರಿಗೆ, ಜೊತೆಯಲ್ಲಿದ್ದ ಇಬ್ಬರ ಸ್ವರವೇ ಕೇಳಿಸದಾಯಿತು! ಆ ಸಂಜೆ ಅವರು ಅನುಭವಿಸಿರಬಹುದಾದ ವೇದನೆಯನ್ನು ನೆನೆದಾಗ, ಕಿವಿಯಿದ್ದೂ ಕೇಳದಿರುವ ನಮ್ಮ ಬಾಳಿನ ಬಗೆಗೆ ನಾಚಿಕೆಯಾಗದಿರದು. ಒಂದೇ ಸೂರಿನಡಿ ಊಟಕ್ಕೆ ಕುಳಿತ ನಾಲ್ವರು ನಾಲ್ಕು ಮೊಬೈಲುಗಳನ್ನು ದಿಟ್ಟಿಸುವ ಕಾಲವಿದು. ನಮ್ಮ ಗಾಯನ ವೃಂದಗಳಲ್ಲಿಯೂ ಕೀಬೋರ್ಡಿನ ಸದ್ದು ಹಾಡನ್ನು ನುಂಗುವುದುಂಟು. ಮೈಕನ್ನು ತಮ್ಮೆಡೆಗೆ ತಿರುಗಿಸಿಕೊಳ್ಳುವ ಪೈಪೋಟಿಯೂ ಉಂಟು. ಪರೀಕ್ಷೆಗಾಗಿ ಸಂಗೀತ ಕಲಿಯುವ ಮಗು ತಾನು ನುಡಿಸುವುದನ್ನಷ್ಟೇ ಕಲಿಯುತ್ತದೆ. ಇನ್ನೊಬ್ಬರಿಗಾಗಿ ಸ್ವರ ತಗ್ಗಿಸುವುದನ್ನು ಕಲಿಯಬೇಕಾದರೆ ಇಂಥ ಕಛೇರಿಯನ್ನು ಕಣ್ಣಾರೆ ನೋಡಬೇಕು.

ಕಾಲವೆಂದರೇನು ಎಂದು ವಿಚಾರಿಸಿದ ಸಂತ ಆಗಸ್ಟೀನರು, ಬಾಯಿಪಾಠವಾದ ಕೀರ್ತನೆಯೊಂದನ್ನು ಹಾಡುವ ಉದಾಹರಣೆಯನ್ನು ಕೊಟ್ಟರು. ಹಾಡಿ ಮುಗಿದುದು ಸ್ಮರಣೆಯಲ್ಲಿದೆ, ಹಾಡಬೇಕಾದುದು ನಿರೀಕ್ಷೆಯಲ್ಲಿದೆ, ಇವೆರಡನ್ನೂ ಮನಸ್ಸಿನ ಗಮನ ಬೆಸೆಯುತ್ತದೆ ಎಂಬುದು ಅವರ ವಿವೇಚನೆಯ ಸಾರ. ಸಂಗೀತ ಕೇಳುವ ವಿಧಾನವೂ ಇದೇ. ಸ್ವರಗಳ ಹೆಸರು ತಿಳಿಯದಿದ್ದರೂ ಚಿಂತೆಯಿಲ್ಲ. ಮೊದಲು ಕೇಳಿದ್ದನ್ನು ನೆನಪಿನಲ್ಲಿಟ್ಟು, ಅದು ಯಾರ ಬಾಯಲ್ಲಿ ಮರಳುವುದೋ ಎಂದು ಕಾದರೆ ಸಾಕು.

ಸುಮಾರು 40 ನಿಮಿಷಗಳ ಈ ಕೃತಿಯಲ್ಲಿ ನಾಲ್ಕು ಭಾಗಗಳಿವೆ. ಮೊದಲನೆಯದರಲ್ಲಿ ಪಿಯಾನೊ ಒಂಟಿಯಾಗಿ ಒಂದು ಸೌಮ್ಯವಾದ ರಾಗವನ್ನು ಆರಂಭಿಸುತ್ತದೆ. ತಂತಿವಾದ್ಯಗಳು ಅದನ್ನು ಕೇಳಿದ ನಂತರವೇ ಜೊತೆಗೂಡುತ್ತವೆ. ಮಧ್ಯದಲ್ಲಿ ಆ ಎರಡು ವಾದ್ಯಗಳ ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟುವುದನ್ನು ಮಕ್ಕಳಿಗೆ ತೋರಿಸಿರಿ. ಲವಲವಿಕೆಯ ಎರಡನೆಯ ಭಾಗವನ್ನು ತೊಡಗುವುದು, ಹಿಂದೊಮ್ಮೆ ಹಿಂಬಾಲಕನಾಗಿದ್ದ ಚೆಲ್ಲೊ. ಮೂರನೆಯದು ಕೃತಿಯ ಹೃದಯ. ಸ್ತೋತ್ರದಂಥ ಸರಳ ರಾಗವೊಂದನ್ನು ಪಿಯಾನೊ ನುಡಿಯುತ್ತದೆ. ಪಿಟೀಲು ಮತ್ತು ಚೆಲ್ಲೊ ಅದನ್ನು ಸ್ವೀಕರಿಸುತ್ತವೆ. ಬಳಿಕ ಮೂರೂ ಕೂಡಿ ಅದನ್ನು ಬಗೆಬಗೆಯಾಗಿ ಅರಳಿಸುತ್ತವೆ. ಅದು ಮುಗಿಯಿತೆನ್ನುವಾಗಲೇ ಬಿಡುವಿಲ್ಲದೆ ಉಲ್ಲಾಸದ ನಾಲ್ಕನೆಯ ಭಾಗ ಆರಂಭವಾಗುತ್ತದೆ. ಆದಕಾರಣ ಚಪ್ಪಾಳೆಯನ್ನು ಕೊನೆಗೆ ಮೀಸಲಿಡುವುದು ಒಳ್ಳೆಯದು.

ಇದು ಪರಕೀಯರ ಸಂಗೀತವೆಂಬ ಸಂಕೋಚವೂ ಬೇಡ. ಕರ್ನಾಟಕ ಸಂಗೀತದಲ್ಲಿ ಕೀರ್ತನೆಗಳನ್ನು ರಚಿಸಿದ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ ಪಿಯಾನೊ ಕಲಿತವರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾದವರು.

ಪ್ರಿಯ ಓದುಗರೇ, ಶನಿವಾರ ಹತ್ತು ನಿಮಿಷ ಮೊದಲೇ ಬನ್ನಿರಿ. ಮೊಬೈಲನ್ನು ಮನೆಯಲ್ಲೇ ಬಿಟ್ಟು ಬಂದರೆ ಇನ್ನೂ ಲೇಸು. ಹಿಂದಿನ ಸಾಲುಗಳನ್ನು ಬಿಟ್ಟು ಮುಂದೆ ಕುಳಿತುಕೊಳ್ಳಿರಿ. ಕಲಾವಿದರ ಬೆರಳುಗಳನ್ನು ಮಾತ್ರವಲ್ಲ, ಒಬ್ಬರು ಮತ್ತೊಬ್ಬರತ್ತ ಹಾಯಿಸುವ ನೋಟವನ್ನೂ ಗಮನಿಸಿರಿ. ಮನೆಗೆ ಮರಳುವ ದಾರಿಯಲ್ಲಿ ಮಕ್ಕಳನ್ನು, “ನೀನು ಏನು ಕೇಳಿದೆ?” ಎಂದು ವಿಚಾರಿಸಿರಿ. ಅವರು ಉತ್ತರ ಹೇಳಿ ಮುಗಿಸುವವರೆಗೆ ನಡುವೆ ಬಾಯಿಹಾಕದೆ ಕೇಳಿರಿ.