ಬಾಲ್ಕನಿಯ ಬೆಂಚಿಗೆ ಯಾವ ಡಬ್ಬಿ?

ಪೇಂಟ್ ಅಂಗಡಿಗೆ ಹೋಗಿ ‘ವುಡ್ ಸ್ಟೇನ್ ಕೊಡಿ’ ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ಒಂದು ಪುಟ್ಟ ಬಾಟಲಿ. ಮೇಲೆ ವಾಲ್‌ನಟ್, ರೋಸ್‌ವುಡ್, ಟೀಕ್ ಎಂದು ಬರೆದಿರುತ್ತದೆ. ಅದು ಬರೀ ಬಣ್ಣ. ಮರಕ್ಕೆ ಒರೆಸಿ, ಒಣಗಿದ ಮೇಲೆ ಮೆಲಮೈನ್ ಪಾಲಿಶ್ ಹೊಡೆಯುವುದಕ್ಕೆ ಇರುವಂಥದ್ದು. ಬೆಡ್‌ರೂಮಿನ ವಾರ್ಡ್‌ರೋಬಿಗೆ ಸಾಕು. ಬಿಸಿಲು, ಮಳೆಗೆ ಮೈಯೊಡ್ಡುವ ಮರವನ್ನು ಅದು ಕಾಯುವುದಿಲ್ಲ. ಹೊರಗಿನ ಮರಕ್ಕೆ ಬೇಕಾದದ್ದು ಬೇರೆಯದೇ ಡಬ್ಬಿ. ಪುಣೆಯಲ್ಲಿ ಅದನ್ನು ಕೇಳಬೇಕಾದರೆ ‘ಎಕ್ಸ್‌ಟೀರಿಯರ್ ವುಡ್ ಫಿನಿಶ್’ ಅಥವಾ ‘ಡೆಕ್ ಆಯಿಲ್’ ಅನ್ನಬೇಕು. ಅಷ್ಟು ಹೇಳಿದರೂ ಅಂಗಡಿಯಾತ ‘ಪಿಯು ಮಾರೋ ಸಾಬ್, ಪಾಂಚ್ ಸಾಲ್ ಕುಛ್ ನಹೀ ಹೋಗಾ’ ಎಂದು ಹೊಳೆಯುವ ಸ್ಯಾಂಪಲ್ ತೋರಿಸುತ್ತಾನೆ.

ನನಗೆ ಇದೆಲ್ಲ ಬೇಕಾದದ್ದು ಒಂದು ಹಲಸಿನ ಬೆಂಚಿಗಾಗಿ. ಸಾಗರದ ಹತ್ತಿರದ ನಮ್ಮ ಹಳೆಯ ಮನೆ ಪಾಲಾಗಿ, ಬಿಚ್ಚಿ, ತೊಲೆ ಕಂಬಗಳೆಲ್ಲ ಒಬ್ಬೊಬ್ಬರಿಗೆ ಹಂಚಿಹೋದವು. ಅಜ್ಜ ಕೂತು ಅಡಿಕೆ ಸುಲಿಸುತ್ತಿದ್ದ ಜಗಲಿಯ ಬೆಂಚು ನನ್ನ ಪಾಲಿಗೆ ಬಂತು. ಹೆಂಚಿನ ಮಾಡಿನ ಕೆಳಗೆ ಐವತ್ತು ವರ್ಷ ನೆರಳಲ್ಲಿದ್ದದ್ದು ಈಗ ಆರನೇ ಮಹಡಿಯ ಪಡುವಣದ ಬಾಲ್ಕನಿಯಲ್ಲಿ. ಮಧ್ಯಾಹ್ನ ಎರಡರಿಂದ ಸೂರ್ಯ ಮುಳುಗುವ ತನಕ ಬಿಸಿಲು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲು. ಕೆಟ್ಟರೆ ಇಂಥದ್ದು ಇನ್ನೊಂದು ಸಿಗುವುದಿಲ್ಲ.

ಮರ ಹೊರಗಿಟ್ಟರೆ ಬೂದಿ ಬಣ್ಣಕ್ಕೆ ತಿರುಗುವುದೇಕೆ? ಮಳೆಗಿಂತ ಮೊದಲ ಶತ್ರು ಬಿಸಿಲು. ಮರದ ಎಳೆಗಳನ್ನು ಅಂಟಿನಂತೆ ಹಿಡಿದಿಡುವ ಲಿಗ್ನಿನ್ ಎಂಬ ಪದಾರ್ಥವನ್ನು ಅತಿನೇರಳೆ ಕಿರಣ ಒಡೆಯುತ್ತದೆ. ಒಡೆದದ್ದನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಬೂದು ನಾರು. ಹೀಗಾಗಿ ಪೂರ್ತಿ ಪಾರದರ್ಶಕವಾದ ‘ಕ್ಲಿಯರ್ ಕೋಟ್’ ಹೊರಗೆ ಬಹಳ ದಿನ ಬಾಳುವುದಿಲ್ಲ. ಬೆಳಕು ಅದನ್ನು ದಾಟಿ ಕೆಳಗಿನ ಮರವನ್ನೇ ಹಾಳುಮಾಡುತ್ತದೆ. ಆಮೇಲೆ ಮೇಲಿನ ಪದರಕ್ಕೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಸಿಪ್ಪೆಯಂತೆ ಏಳುತ್ತದೆ. ಬಿಸಿಲನ್ನು ನಿಜವಾಗಿ ತಡೆಯುವುದು ವರ್ಣದ್ರವ್ಯ, ಅದರಲ್ಲೂ ಐರನ್ ಆಕ್ಸೈಡ್‌ನ ಕಂದು, ಕೆಂಪು, ಹಳದಿ ಪುಡಿಗಳು. ಮರದ ಗೆರೆ ಕಾಣುವಷ್ಟು ತೆಳು, ಆದರೆ ಬಣ್ಣ ಇರುವಂಥ ‘ಸೆಮಿ ಟ್ರಾನ್ಸ್‌ಪರೆಂಟ್’ ನನ್ನ ಆಯ್ಕೆ. ಹಲಸು ಮೊದಲು ಹಳದಿ, ವಯಸ್ಸಾದಂತೆ ಕೆಂಗಂದು. ಟೀಕ್ ಎಂದು ಬರೆದಿರುವ ಬಣ್ಣ ಅದಕ್ಕೆ ಹತ್ತಿರ. ವಾಲ್‌ನಟ್ ಹಚ್ಚಿದರೆ ಅಜ್ಜನ ಬೆಂಚು ಹೋಟೆಲ್ ಲಾಬಿಯದ್ದಾಗುತ್ತದೆ.

ಇನ್ನು ಪಿಯು ಮಾತು. ಪಾಲಿಯುರೆಥೇನ್ ಮರದ ಮೇಲೆ ಗಟ್ಟಿ ಪೊರೆ ಕಟ್ಟುತ್ತದೆ. ಹೊರಾಂಗಣಕ್ಕೆಂದೇ ಮಾಡಿದ್ದನ್ನು ಪಳಗಿದ ಕೈ ಸ್ಪ್ರೇ ಮಾಡಿದರೆ ಚೆನ್ನಾಗಿಯೇ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಪೊರೆ ಒಂದು ಕಡೆ ಬಿರುಕು ಬಿಟ್ಟರೆ ನೀರು ಒಳಹೊಕ್ಕು ಕೆಳಗೇ ಉಳಿಯುತ್ತದೆ, ರಿಪೇರಿಗೆ ಇಡೀ ಬೆಂಚನ್ನು ಕೆರೆಯಬೇಕು. ಮರದೊಳಗೆ ಇಳಿಯುವ ಎಣ್ಣೆ ಬಗೆಯದ್ದು ಹಾಗಲ್ಲ, ಮಾಸುತ್ತದೆಯೇ ಹೊರತು ಏಳುವುದಿಲ್ಲ. ತೊಳೆದು, ಒಣಗಿಸಿ, ಇನ್ನೊಂದು ಕೈ ಹಚ್ಚಿದರಾಯಿತು. ಬಾಡಿಗೆ ಮನೆ ಬದಲಿಸುತ್ತಲೇ ಇರುವ ನಮ್ಮಂಥವರಿಗೆ, ಭಾನುವಾರ ಒಂದು ಬೆಳಿಗ್ಗೆಯಲ್ಲಿ ಮುಗಿಯುವ ಕೆಲಸವೇ ಮೇಲು.

ಅಪ್ಪ ಫೋನಿನಲ್ಲಿ ಹೇಳಿದ್ದು ಇದೆಲ್ಲಕ್ಕಿಂತ ಸರಳ. ‘ಗೇರೆಣ್ಣೆ ಹಚ್ಚಾ, ಗೆದ್ದಲೂ ಬರೂದಿಲ್ಲೆ.’ ಕರಾವಳಿಯ ದೋಣಿಗಳಿಗೆ ಗೋಡಂಬಿ ಸಿಪ್ಪೆಯ ಈ ಎಣ್ಣೆ ಬಳಿಯುವುದು ಹಳೆಯ ರೂಢಿ, ಕೆಲಸ ಮಾಡುತ್ತದೆ ಕೂಡ. ಆದರೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಮರವೂ ಕಪ್ಪಗಾಗುತ್ತದೆ. ನಾಲ್ಕು ವರ್ಷದ ಮಗಳು ಕೂರುವ ಬೆಂಚಿಗೆ ಬೇಡವೆಂದೆ. ಗೆದ್ದಲಿನ ವಿಷಯದಲ್ಲಿ ಮಾತ್ರ ಅಪ್ಪನ ಎಚ್ಚರಿಕೆ ಸರಿ. ಡಬ್ಬಿಯ ಮೇಲೆ ಕೀಟನಿರೋಧಕ ಎಂದು ಸ್ಪಷ್ಟವಾಗಿ ಇಲ್ಲದಿದ್ದರೆ ಸ್ಟೇನ್ ಹುಳುವನ್ನು ತಡೆಯುತ್ತದೆ ಎಂದುಕೊಳ್ಳಬೇಡಿ.

ಡಬ್ಬಿ ಕೊಳ್ಳುವಾಗ ಮುಂದಿನ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ತಯಾರಿಕೆಯ ತಿಂಗಳು, ಎಷ್ಟು ಕೋಟ್, ಕೋಟ್‌ಗಳ ನಡುವೆ ಎಷ್ಟು ಗಂಟೆ, ಮತ್ತು ‘ಎಕ್ಸ್‌ಟೀರಿಯರ್’ ಎಂಬ ಪದ. ಕಂಪನಿಯ ವೆಬ್‌ಸೈಟಿನಲ್ಲಿ ಟೆಕ್ನಿಕಲ್ ಡೇಟಾ ಶೀಟ್ ಇರುತ್ತದೆ. ಕೋಡ್ ಬರೆಯುವ ಮುನ್ನ ಡಾಕ್ಯುಮೆಂಟೇಶನ್ ಓದದವರೂ ಇದನ್ನು ಓದಬಹುದು, ಎರಡೇ ಪುಟ. ಲೀಟರಿಗೆ ಇಷ್ಟು ಚದರಡಿ ಎಂಬ ಲೆಕ್ಕ ನಯವಾದ ಮರಕ್ಕೆ, ಒಂದು ಕೋಟಿಗೆ. ಹಳೆಯ ಒರಟು ಮರ ಇನ್ನೂ ಹೆಚ್ಚು ಕುಡಿಯುತ್ತದೆ. ಐದಡಿ ಬೆಂಚಿನ ಅಡಿಭಾಗ, ಕಾಲು ಎಲ್ಲ ಸೇರಿ ಸುಮಾರು 25 ಚದರಡಿ, ಎರಡು ಕೋಟಿಗೆ 50. ಒಂದು ಲೀಟರ್ ತಂದೆ.

ಹಚ್ಚುವ ಮೊದಲು ಮರದ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ. ಹನಿ ಮುತ್ತಿನಂತೆ ನಿಂತರೆ ಹಳೆಯ ಪಾಲಿಶ್ ಇನ್ನೂ ಇದೆ, ಸ್ಟೇನ್ ಇಳಿಯದು. 80ರ ಕಾಗದದಲ್ಲಿ ಉಜ್ಜಿ, 120ರಲ್ಲಿ ಮುಗಿಸಿ. ಅದಕ್ಕಿಂತ ನಯ ಮಾಡಿದರೆ ರಂಧ್ರ ಮುಚ್ಚಿಕೊಳ್ಳುತ್ತವೆ. ನೀರು ಹೆಚ್ಚು ಹೀರುವುದು ಕಾಲಿನ ಬುಡದ ಕಡಿದ ತುದಿ, ಅಲ್ಲಿಗೆ ಇನ್ನೊಂದು ಕೈ ಜಾಸ್ತಿ. ಹತ್ತು ನಿಮಿಷ ಬಿಟ್ಟು, ಹೀರದೆ ಉಳಿದದ್ದನ್ನು ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಅಂಟಂಟು ಉಳಿಯುತ್ತದೆ. ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಅಗಸೆ ಎಣ್ಣೆಯಂಥವು ಒಣಗುತ್ತ ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಲ್ಲವು. ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ.

ಅಪ್ಪ ಬರುವುದು ದೀಪಾವಳಿಗೆ. ಅಷ್ಟರೊಳಗೆ ಹಚ್ಚಿ ತೋರಿಸುವ ಆಸೆಯಿತ್ತು. ಮಳೆ ಈ ಸಲ ಅಕ್ಟೋಬರಿಗೂ ನುಗ್ಗಿತು. ಒದ್ದೆ ಮರಕ್ಕೆ ಹಚ್ಚಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಎರಡು ಮೂರು ವಾರವಾದರೂ ಒಣಹವೆ ಬೇಕು. ಡಬ್ಬಿ ಸೀಲ್ ಒಡೆಯದೆ ಹಾಗೇ ಇಟ್ಟಿದ್ದೇನೆ. ಅಪ್ಪ ಬರಿ ಮರದ ಮೇಲೇ ಕೂರಲಿ; ಬ್ರಶ್ ಎರಡು ತಂದಿದ್ದೇನೆ, ಹಬ್ಬ ಕಳೆದು ಬಿಸಿಲು ಬಿದ್ದರೆ ಅವರಿರುವಾಗಲೇ ಮೊದಲ ಕೋಟ್.